ಐದು ಮನೆಗಳ ಒಂದು ಮಾತು

ನಮ್ಮ ಊರಿನಲ್ಲಿ ಪರದೇಶದ ಮಾತು ಒಂದೇ ಒಂದಿದೆ. ಅದನ್ನು ಐದು ಮನೆಗಳವರು ಬಿಟ್ಟು ಬೇರೆ ಯಾರೂ ಆಡುವಂತಿಲ್ಲ. ಆ ಐದು ಮನೆಗಳವರೂ ತಮಗೆ ತೋಚಿದಾಗ ಆಡುವಂತಿಲ್ಲ.

ಮಾತು ಇದು: ಚಾರ್ಜು.

ನನ್ನ ಮುತ್ತಜ್ಜನ ಕಾಲದಲ್ಲಿ ಟೋಪಿ ಹಾಕಿಕೊಂಡ ಒಬ್ಬ ಅಧಿಕಾರಿ ಬಂದನಂತೆ. ಎಲ್ಲಿಂದ ಬಂದೆ ಎಂದು ಯಾರೂ ಕೇಳಲಿಲ್ಲ. ಒಂದು ಬೇಸಿಗೆ ಇದ್ದ. ಊರಿನ ಸುತ್ತ ಗೋಡೆ ಕಟ್ಟಿಸಿದ, ಗೋಡೆಯ ಮೇಲೆ ದೀಪಗಳನ್ನು ಇಡಿಸಿದ, ಹೊರಟುಹೋದ. ಅವನ ಬಾಯಿಂದ ನಮ್ಮವರಿಗೆ ಕೇಳಿಸಿದ್ದು ಈ ಒಂದೇ ಮಾತು. ಉಗ್ರಾಣದ ಕೀಲಿಗೊಂಚಲನ್ನು ಒಬ್ಬ ಹೆಂಗಸಿನ ಕೈಗೆ ಕೊಟ್ಟು, ಇನ್ನು ಮೇಲೆ ಇದೆಲ್ಲ ನಿನ್ನ ಹೊಣೆ ಎನ್ನುವಂತೆ ಅವಳ ಮುಖ ನೋಡಿ, ಚಾರ್ಜು ಎಂದ. ಕಾಳು ಕದ್ದವನ ಕಡೆಗೆ ಬೊಟ್ಟು ಮಾಡಿ ಚಾರ್ಜು ಎಂದ. ಜನ ಗುಂಪುಗೂಡಿದಾಗ ಬೆತ್ತ ಎತ್ತಿ ಹಿಡಿದು ಚಾರ್ಜು ಎಂದು ಕೂಗಿದ. ಅವನ ಆಳುಗಳು ನುಗ್ಗಿ ಬಡಿದರು. ಅವನ ಬಳಿ ಒಂದು ಪೆಟ್ಟಿಗೆ ದೀಪವಿತ್ತು, ಸಂಜೆಗೆ ಮಂಕಾಗುತ್ತಿತ್ತು. ಅದರ ಹಿಡಿ ತಿರುಗಿಸಿ ಮತ್ತೆ ಬೆಳಕು ತುಂಬು ಎನ್ನುವುದಕ್ಕೂ ಚಾರ್ಜು. ಬಾಗಿಲು ದಾಟುವವರ ಮುಂದೆ ಅಳತೆಯ ಬಳ್ಳ ಚಾಚಿ, ಇಷ್ಟು ಕಾಳು ಹಾಕಿ ದಾಟು ಎನ್ನುವುದಕ್ಕೂ ಚಾರ್ಜು.

ಒಂದೇ ಮಾತು ಇಷ್ಟೆಲ್ಲ ಕೆಲಸ ಮಾಡುವುದನ್ನು ನಮ್ಮ ಹಿರಿಯರು ಕಂಡಿರಲಿಲ್ಲ. ನಮ್ಮ ಮಾತುಗಳೆಲ್ಲ ಒಂದೊಂದೇ ಕೆಲಸ ಹಿಡಿದುಕೊಂಡು ಸೋಮಾರಿಗಳಾಗಿ ಬಿದ್ದಿವೆ ಎಂದು ಅವರಿಗೆ ಅನ್ನಿಸಿತು. ಬೆರಗಾದರು, ಆಮೇಲೆ ಹೆದರಿದರು. ಹೆದರಿದವರು ಏನು ಮಾಡುತ್ತಾರೋ ಅದನ್ನೇ ಮಾಡಿದರು. ಮಾತನ್ನು ಆಸ್ತಿಯ ಹಾಗೆ ಪಾಲು ಮಾಡಿಕೊಂಡರು.

ಬೊಟ್ಟಿನ ಮನೆಗೆ ತಪ್ಪು ಹೊರಿಸುವ ಮಾತು ಬಂತು. ತೋರುಬೆರಳಿಗೆ ತೊಡುವ ಕಬ್ಬಿಣದ ಚಿಪ್ಪು ಬಂತು. ಬಳ್ಳದ ಮನೆಗೆ ಇಷ್ಟು ಎಂದು ಅಳೆಯುವ ಮಾತು ಬಂತು, ಬಳ್ಳ ಬಂತು. ಕೀಲಿಯ ಮನೆಗೆ ಹೊಣೆ ಹೊರುವ ಮಾತು, ಕೀಲಿಗೊಂಚಲು. ದೀಪದ ಮನೆಗೆ ತುಂಬುವ ಮಾತು, ಎಣ್ಣೆಯ ಕೊಡ. ಬೆತ್ತದ ಮನೆಗೆ ಹೊಡೆಯುವ ಮಾತು, ಬೆತ್ತ. ಕೈಯಲ್ಲಿ ತನ್ನ ಮನೆಯ ವಸ್ತು ಇಲ್ಲದೆ ಮಾತು ಆಡಬಾರದು. ಆಡಿದ ಮೇಲೆ ಅದು ಆಗಲೇಬೇಕು. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬಾರದು.

ನಾನು ಬೆತ್ತದ ಮನೆಯವನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆ ನಾಚಿಕೆ ತೀರಾ ತಡವಾಗಿ ಬಂದದ್ದು. ಮೂವತ್ತೊಂದು ವರ್ಷ ಬೆತ್ತ ಹಿಡಿದು ತಿರುಗಿದಾಗ ಎದೆಯುಬ್ಬಿಸಿಕೊಂಡೇ ತಿರುಗಿದ್ದೆ. ಸುಗ್ಗಿಯ ಮೊದಲ ಮೊರ ನಮ್ಮ ಮನೆಗೇ ಬರುತ್ತಿತ್ತು. ನಾನು ಬಂದರೆ ಜಗಲಿಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು. ಬೆತ್ತ ಬಿರುಕು ಬಿಡಬಾರದೆಂದು ನನ್ನ ಹೆಂಡತಿ ಅಮಾವಾಸ್ಯೆಗೊಮ್ಮೆ ಅದಕ್ಕೆ ಎಣ್ಣೆ ಸವರುತ್ತಿದ್ದಳು. ನಮ್ಮ ಊರಿನ ಎಣ್ಣೆಯೆಲ್ಲ ಗೋಡೆಯ ದೀಪಗಳಿಗೆ ಮೀಸಲು. ಅದರಲ್ಲಿ ಬೆತ್ತಕ್ಕೂ ಒಂದು ಪಾಲು ಉಂಟು. ಬೇರೆ ಯಾರಿಗೂ ಇಲ್ಲ.

ಗೋಡೆಯ ಹೊರಗೂ ಜನ ಇದ್ದಾರೆ. ಅವರ ವಿಷಯ ನಾವು ಎತ್ತುವುದಿಲ್ಲ. ನಮ್ಮ ದೀಪಗಳು ಅವರಿಗೆ ದಾರಿ ತೋರಿಸಲು ಇಟ್ಟವಲ್ಲ, ಊರು ಎಚ್ಚರವಾಗಿದೆ ಎಂದು ಹೆದರಿಸಲು ಇಟ್ಟವು. ಸಂಜೆಯಾದರೆ ದೀಪ ತುಂಬುವವಳು ಕೊಡ ಹೊತ್ತು ಗೋಡೆಯ ಮೇಲೆ ನಡೆಯುತ್ತಾಳೆ. ಒಂದೊಂದು ದೀಪದ ಮುಂದೆ ನಿಂತು, ಎಣ್ಣೆ ಸುರಿದು, ಚಾರ್ಜು ಎನ್ನುತ್ತಾಳೆ. ದೀಪ ಉರಿಯುತ್ತದೆ. ಮುಂದಿನ ದೀಪಕ್ಕೆ ಹೋಗುತ್ತಾಳೆ. ಇಡೀ ಊರಿನಲ್ಲಿ ಆ ಮಾತನ್ನು ಕೇಳಿ ಯಾರೂ ಬೆಚ್ಚದೆ ಇರುವುದು ಆ ಹೊತ್ತಿನಲ್ಲಿ ಮಾತ್ರ.

ಒಂದು ಸಂಜೆ ಪೂರ್ವದ ಗೋಡೆಯ ಮೇಲೆ ಮೂವತ್ತು ದೀಪಗಳು ಉರಿಯಲಿಲ್ಲ.

ಮಾರನೆಯ ಬೆಳಿಗ್ಗೆ ಊರಿನವರೆಲ್ಲ ಕಲ್ಲುಕಟ್ಟೆಯ ಬಳಿ ಸೇರಿದರು. ದೀಪ ತುಂಬುವವಳು ಯಾವುದನ್ನೂ ಮುಚ್ಚಿಡಲಿಲ್ಲ. ಪೂರ್ವದ ಗೋಡೆಯಲ್ಲಿ ಒಂದು ಕಂಡಿಯಿದೆ, ಒಂದು ಕೈ ತೂರುವಷ್ಟು. ಅದರಿಂದ ಒಂದು ಹಣತೆ ಹಿಡಿದ ಕೈ ಬಂತು, ತಾನು ಎಣ್ಣೆ ಹಾಕಿದೆ ಎಂದಳು. ಆಮೇಲೆ ಇನ್ನೊಂದು ಕೈ ಬಂತು. ಹೊರಗೆ ಜ್ವರ ಹಬ್ಬಿದೆ, ಮಲಗಿದವರ ಬಾಯಿಗೆ ನೀರು ಬಿಡಲೂ ಬೆಳಕಿಲ್ಲ ಎಂದು ಕಂಡಿಯಾಚೆಯಿಂದ ಯಾರೋ ಹೇಳಿದರು. ಮೊದಲನೆಯ ಹಣತೆಗೆ ಹಾಕಿದ ಮೇಲೆ ಎರಡನೆಯದಕ್ಕೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹಾಗೆ ಮೂವತ್ತು ಕೈಗಳಾದವು, ಕೊಡ ಬರಿದಾಯಿತು.

ಬೊಟ್ಟಿನ ಮನೆಯ ಯಜಮಾನ ಅಲ್ಲೇ ಚಿಪ್ಪು ತೊಟ್ಟು, ಬೆರಳನ್ನು ಅವಳ ಕಡೆಗೆ ಚಾಚಿ, ಚಾರ್ಜು ಎಂದ. ಮಾತು ಆಡಿಯಾಯಿತು. ಸೂರ್ಯ ನೆತ್ತಿಗೆ ಬಂದಾಗ ಉಳಿದದ್ದು ನಡೆಯಬೇಕು. ಬೊಟ್ಟು ತೋರಿಸುತ್ತದೆ, ಬಳ್ಳ ಅಳೆಯುತ್ತದೆ, ಕೀಲಿ ಕೇಳುತ್ತದೆ, ಬೆತ್ತ ಬೀಳುತ್ತದೆ. ಆರಿದ ದೀಪ ಎಷ್ಟೋ ಪೆಟ್ಟು ಅಷ್ಟು. ಮೂವತ್ತು ಪೆಟ್ಟು.

ಹದಿನೈದಕ್ಕಿಂತ ಹೆಚ್ಚು ತಿಂದು ಬದುಕಿದವರನ್ನು ನಾನು ಕಂಡಿಲ್ಲ. ಹೊಡೆದವನು ನಾನೇ ಆದ್ದರಿಂದ ನನಗೆ ಗೊತ್ತು.

ಬಳ್ಳ ಅಳೆದ ಮೇಲೆ, ಬೆತ್ತ ಏಳುವ ಮೊದಲು, ಕೀಲಿ ಕೇಳುತ್ತದೆ ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಕೀಲಿಯ ಮನೆಯವಳು ಎದ್ದು ಗೊಂಚಲನ್ನು ಮೂರು ಸಲ ಅಲ್ಲಾಡಿಸುತ್ತಾಳೆ. ಮೂರನೆಯ ಸದ್ದು ಅಡಗುವುದರೊಳಗೆ ಅವಳು ತಪ್ಪು ಮಾಡಿದವರ ತಲೆಯ ಮೇಲೆ ಕೈಯಿಟ್ಟು ಆ ಮಾತು ಹೇಳಿದರೆ ಬೆತ್ತ ಏಳುವಂತಿಲ್ಲ. ಆ ಜೀವ ಅವಳ ಹೊಣೆ. ಆದರೆ ಅಂದಿನಿಂದ ಆ ಜೀವ ಏನೇ ತಪ್ಪು ಮಾಡಿದರೂ ಅದರ ಪೆಟ್ಟು ಬೀಳುವುದು ಹೊಣೆ ಹೊತ್ತವಳ ಬೆನ್ನಿಗೆ.

ಈ ಮೂವತ್ತೊಂದು ವರ್ಷಗಳಲ್ಲಿ ಪ್ರತಿ ಶಿಕ್ಷೆಗೂ ಕೀಲಿ ಮೂರು ಸಲ ಸದ್ದು ಮಾಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಕೀಲಿಯವಳು ಕೂತುಬಿಡುತ್ತಿದ್ದಳು, ನಾನು ಏಳುತ್ತಿದ್ದೆ. ಅವಳ ತಾಯಿ ಒಮ್ಮೆ ಒಬ್ಬನ ಹೊಣೆ ಹೊತ್ತಿದ್ದಳು. ಅವನು ಇನ್ನೆಂದೂ ತಪ್ಪು ಮಾಡುವುದಿಲ್ಲ ಎಂದು ಆಣೆಯಿಟ್ಟು ಅತ್ತಿದ್ದ. ಹತ್ತು ದಿನಕ್ಕೆ ಉಗ್ರಾಣದ ಬೀಗ ಒಡೆದು ಓಡಿಹೋದ. ಹದಿನಾಲ್ಕು ಪೆಟ್ಟು ಆ ತಾಯಿಯ ಬೆನ್ನಿಗೆ ಬಿದ್ದವು. ಹೊಡೆದವನು ನನ್ನ ಅಪ್ಪ. ಆಗ ನನಗೂ ಕೀಲಿಯ ಮನೆಯ ಮಗಳಿಗೂ ಮದುವೆಯ ಮಾತು ನಡೆದಿತ್ತು. ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ. ಅಪ್ಪ ಅದೇ ವರ್ಷ ಬೆತ್ತವನ್ನು ನನ್ನ ಕೈಗೆ ಕೊಟ್ಟ. ಅಂದಿನಿಂದ ನಾವಿಬ್ಬರೂ ಕಟ್ಟೆಯ ಮೇಲೆ ಅಕ್ಕಪಕ್ಕ ಕೂರುತ್ತೇವೆ, ಮಾತಾಡಿಲ್ಲ.

ಕಟ್ಟಿಹಾಕಿದವರಿಗೆ ನೀರು ಕೊಡುವುದು ಬೆತ್ತದವನ ಕೆಲಸ. ಊರಿಗೆ ಅದೊಂದು ಮರ್ಯಾದೆ. ನಾನು ಚೊಂಬು ಹಿಡಿದು ಹೋದಾಗ ದೀಪ ತುಂಬುವವಳು ಕಟ್ಟೆಯ ನೆರಳಿನಲ್ಲಿ ಕೂತಿದ್ದಳು, ಕಾಲಿಗೆ ಹಗ್ಗ. ನೆರಳು ಆಗಲೇ ಮೊಳದಷ್ಟು ಸರಿದಿತ್ತು. ಅವಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಕೈಯಲ್ಲಿ, ಸೆರಗಿನಲ್ಲಿ ಎಣ್ಣೆಯ ವಾಸನೆ. ನೀರು ಕುಡಿದು, ಚೊಂಬನ್ನು ಸೆರಗಿನಿಂದ ಒರೆಸಿ ಕೊಟ್ಟಳು, ನನ್ನ ಕೈಗೆ ಜಿಡ್ಡು ಹತ್ತಬಾರದೆಂದು. ಇನ್ನು ಒಂದು ಜಾವಕ್ಕೆ ಇದೇ ಕೈಯಲ್ಲಿ ಅವಳನ್ನು ಕೊಲ್ಲುವವನ ಕೈ ಜಿಡ್ಡಾದರೆ ಅವಳಿಗೇನು?

ನಾನು ಬೆತ್ತ ಎತ್ತದೆ ಹೋದರೆ ಆಗುವುದಿಷ್ಟು. ನಾನು ಆಗಲ್ಲ ಎಂದರೆ ಬೆತ್ತ ಬಳ್ಳದ ಮನೆಯ ಕಿರಿಯ ಮಗನಿಗೆ ಹೋಗುತ್ತದೆ. ಅವನಿಗೆ ಇಪ್ಪತ್ತೈದು ವರ್ಷ, ತೋಳುಗಳು ಒನಕೆಯ ಹಾಗಿವೆ, ಆ ಬೆತ್ತದ ಮೇಲೆ ಅವನ ಕಣ್ಣು ಮೊದಲಿಂದಲೂ ಇದೆ. ನನ್ನ ತೋಳಾದರೂ ಮುದಿಯದು, ಮೆಲ್ಲಗೆ ಬಿದ್ದೀತು ಎಂದು ನಾನು ನನಗೇ ಹೇಳಿಕೊಂಡೆ. ಮೂವತ್ತೊಂದು ವರ್ಷ ಪ್ರತಿಸಲವೂ ಇಂಥದ್ದೇ ಒಂದು ಸಮಾಧಾನ ಹೇಳಿಕೊಂಡು ಊಟ ಮಾಡಿದವನು ನಾನು.

ಚೊಂಬು ಹಿಡಿದುಕೊಂಡೇ ಕೀಲಿಯ ಮನೆಗೆ ಹೋದೆ.

ಕೀಲಿಯವಳು ಹಿತ್ತಿಲಲ್ಲಿ ಗೊಂಚಲನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು, ಮತ್ತೆ ತಿಕ್ಕಿದಳು. ಕೂರು ಎನ್ನಲಿಲ್ಲ. ಬಂದ ಕೆಲಸ ಹೇಳಿದೆ. ಇವತ್ತು ಒಂದು ಸಲ ಆ ಮಾತು ಆಡು, ಅವಳು ಕಳ್ಳಿಯಲ್ಲ, ಓಡಿಹೋಗುವವಳಲ್ಲ ಎಂದೆ. ಇನ್ನೂ ಏನೇನೋ ಹೇಳಿದೆ. ಮಾತು ಮುಗಿಯುವ ತನಕ ಅವಳ ಕೈ ನಿಲ್ಲಲಿಲ್ಲ.

"ನಮ್ಮವ್ವ ಆಮೇಲೆ ಎಂಟು ವರ್ಷ ಬದುಕಿದ್ಲು," ಎಂದಳು. "ಮಗ್ಗುಲಾಗೋಕೂ ನಾನು ಬೇಕಿತ್ತು. ನಿನಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ.

"ನಿನಗೆ ಕರುಣೆ ಬಂದಿದೆ, ಸರಿ. ಅದಕ್ಕೆ ಬೆನ್ನು ಮಾತ್ರ ನಂದಾಗಬೇಕಾ?"

ಅವಳು ಒಂದು ಕೀಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಊರಿಗೆಲ್ಲ ಗೊತ್ತಿದ್ದೂ ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆಯೊಂದನ್ನು ನೆನಪಿಸಿದಳು. ತನ್ನ ಮನೆಯ ವಸ್ತುವನ್ನು ಕೆಳಗಿಟ್ಟವನು ಬೇರೆ ಮನೆಯದನ್ನು ಎತ್ತಬಹುದು, ಆ ಮನೆಯವರು ಕೊಟ್ಟರೆ. ಆದರೆ ಇಟ್ಟದ್ದನ್ನು ಅವನೂ ಅವನ ಸಂತಾನವೂ ಮತ್ತೆ ಮುಟ್ಟುವಂತಿಲ್ಲ.

"ನೀನು ಬೆತ್ತ ಇಡು, ನಾನು ಕೀಲಿ ಕೊಡ್ತೀನಿ. ಆಗಲ್ಲ ಅಂದ್ರೆ ಮನೆಗೆ ಹೋಗು, ಬಿಸಿಲು ಏರ್ತಿದೆ."

ನಾನು ಮನೆಗೆ ಹೋದೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ, ಹೋದೆ. ಹೆಂಡತಿ ಬೆತ್ತಕ್ಕೆ ಎಣ್ಣೆ ಸವರಿ ಬಾಗಿಲಿಗೆ ಆನಿಸಿಟ್ಟಿದ್ದಳು. ಅವತ್ತು ಅಮಾವಾಸ್ಯೆಯಲ್ಲ, ಮೂವತ್ತು ಪೆಟ್ಟಿಗೆ ಬೇಕಾದೀತು ಎಂದು ಸವರಿದ್ದಳು. ಬೆತ್ತ ಹೋದರೆ ಏನಾದೀತು ಎಂದು ಅವಳನ್ನು ಸುಮ್ಮನೆ ಕೇಳುವವನ ಹಾಗೆ ಕೇಳಿದೆ. ಮೊದಲ ಮೊರ ಬರುವುದಿಲ್ಲ, ಜಗಲಿಯವರು ಏಳುವುದಿಲ್ಲ, ನಾಲ್ಕು ಜನರ ಹಾಗೆ ಗೇದು ತಿನ್ನಬೇಕು ಎಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಅಂಬಲಿ ಕುಡಿಯದೆ ಬೆತ್ತ ಎತ್ತಿಕೊಂಡು ಹೊರಟೆ.

ಸೂರ್ಯ ನೆತ್ತಿಗೆ ಬಂದ. ಕಟ್ಟೆಯ ನೆರಳು ಕಟ್ಟೆಯೊಳಗೇ ಸೇರಿಕೊಂಡಿತು. ಊರು ಸುತ್ತ ನಿಂತಿತು, ಯಾರೂ ಕೆಮ್ಮುತ್ತಿರಲಿಲ್ಲ. ದೀಪ ತುಂಬುವವಳನ್ನು ಕಟ್ಟೆಯ ನಡುವೆ ಕೂರಿಸಿದ್ದರು, ಬೆನ್ನು ಊರಿನ ಕಡೆಗೆ.

ಬೊಟ್ಟು ಮತ್ತೊಮ್ಮೆ ತೋರಿಸಿತು. ಚಾರ್ಜು ಎಂದು ಯಜಮಾನ ಕೂತ.

ಬಳ್ಳದ ಮನೆಯ ಹಿರಿಯ ಮಗ ಬಳ್ಳದಲ್ಲಿ ಅವರೆಕಾಳು ತುಂಬಿಕೊಂಡು ಬಂದು, ಒಂದೊಂದನ್ನೇ ಅವಳ ಸೆರಗಿಗೆ ಹಾಕಿದ. ಆ ಕಾಳು ಬೀಳುವ ಸದ್ದು ಕೊನೆಯ ಸಾಲಿನವರಿಗೂ ಕೇಳುತ್ತಿತ್ತು. ಹತ್ತು. ಹದಿನೈದು. ಇಲ್ಲಿಗೆ ನಿಲ್ಲಿಸು ಎಂದು ನನ್ನ ಮನಸ್ಸು ಕೂಗಿಕೊಂಡಿತು. ಇಪ್ಪತ್ತು. ಮೂವತ್ತು. ಚಾರ್ಜು ಎಂದು ಬಳ್ಳ ಮಗುಚಿದ.

ಕೀಲಿಯವಳು ಎದ್ದಳು. ಗೊಂಚಲು ಒಂದು ಸಲ ಅಲ್ಲಾಡಿತು.

ವರ್ಷಗಳಿಂದ ನಿಂತ ಜಾಗದಲ್ಲೇ ನಿಂತು ಅಲ್ಲಾಡಿಸಿ ಕೂರುತ್ತಿದ್ದವಳು ಅವತ್ತು ನಡೆದಳು. ನಡೆದು ದೀಪ ತುಂಬುವವಳ ಮುಂದೆ ಹೋಗಿ ನಿಂತಳು. ಜನ ಮುಂದಕ್ಕೆ ಬಾಗಿದರು. ಬೊಟ್ಟಿನ ಯಜಮಾನ ಏಳಲು ಹೋಗಿ ಮತ್ತೆ ಕೂತ, ಯಾಕೆಂದರೆ ಅದು ಕೀಲಿಯ ಹೊತ್ತು, ಬೇರೆಯವರು ನಡುವೆ ಬರುವಂತಿಲ್ಲ.

"ಇನ್ನೊಂದು ಸಲ ಆ ಕಂಡೀಲಿ ಕೈ ಬಂದ್ರೆ ಎಣ್ಣೆ ಹಾಕ್ತೀಯಾ?" ಎಂದು ಕೇಳಿದಳು.

ಇಲ್ಲ ಎನ್ನು ಎಂದು ನಾನು ಒಳಗೇ ಬೇಡಿಕೊಂಡೆ. ಬರೀ ಇಲ್ಲ ಎನ್ನು, ಆಮೇಲಿನದು ಆಮೇಲೆ. ಓಡಿಹೋದ ಆ ಕಳ್ಳನಿಗೂ ಗೊತ್ತಿದ್ದ ಉತ್ತರ ಅದು.

"ಹಾಕ್ತೀನಿ ಅತ್ತೆ," ಎಂದಳು ದೀಪ ತುಂಬುವವಳು. "ಅದಕ್ಕೇ ನನ್ನ ಹೊಣೆ ತಗೋಬೇಡಿ."

ಗುಂಪಿನಲ್ಲಿ ಯಾರೋ ಉಸಿರು ಬಿಟ್ಟದ್ದು ಕೇಳಿಸಿತು. ಕೀಲಿಯವಳು ಅಲ್ಲೇ ನಿಂತಿದ್ದಳು. ಅವಳ ಕೈ ಸ್ವಲ್ಪ ಎದ್ದಿತು, ಆ ತಲೆಯ ಕಡೆಗೆ. ಗೇಣು ಮಾತ್ರ ಉಳಿದಿತ್ತು. ಎಂಟು ವರ್ಷ ತಾಯಿಯನ್ನು ಮಗ್ಗುಲಿಗೆ ಹೊರಳಿಸಿದ ಕೈ ಅದು. ಅದು ಹಿಂದಕ್ಕೆ ಹೋಯಿತು. ಅದರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಗೊಂಚಲು ಎರಡನೆಯ ಸಲ ಅಲ್ಲಾಡಿತು.

ಆಗ ಅವಳು ತಿರುಗಿದಳು. ನನ್ನ ಮುಂದೆ ಬಂದು, ಗೊಂಚಲನ್ನು ಅಂಗೈ ಮೇಲೆ ಇಟ್ಟು ಚಾಚಿದಳು.

"ನನ್ನ ಕೈಲಿ ಆಗ್ತಿಲ್ಲ. ನಿನ್ನ ಕೈಲಿ ಆಗತ್ತಾ ನೋಡು."

ಇಡೀ ಊರು ನನ್ನನ್ನು ನೋಡಿತು. ಬೆತ್ತ ನನ್ನ ಕೈಯಲ್ಲಿತ್ತು, ಎಣ್ಣೆ ಸವರಿದ ಬೆತ್ತ, ಬೆವರಿಗೆ ಜಾರುತ್ತಿತ್ತು. ಬಳ್ಳದ ಮನೆಯ ಕಿರಿಯ ಮಗ ಒಂದು ಹೆಜ್ಜೆ ಮುಂದಕ್ಕೆ ಬಂದಿದ್ದ. ಅವನಿಗೆ ನನಗಿಂತ ಮೊದಲೇ ಗೊತ್ತಾಗಿತ್ತೋ ಏನೋ. ನನಗೆ ಅಪ್ಪ ನೆನಪಾದ, ಮೊದಲ ಮೊರ ನೆನಪಾಯಿತು, ಅವಳು ಸೆರಗಿನಿಂದ ಒರೆಸಿದ ಚೊಂಬು ನೆನಪಾಯಿತು. ಒಳ್ಳೆಯವನಾಗಬೇಕು ಎಂದು ನಾನು ಬೆತ್ತ ಇಟ್ಟೆ ಎಂದುಕೊಳ್ಳಬೇಡಿ. ಮೂವತ್ತು ಸಲ ತೋಳು ಎತ್ತುವುದನ್ನು ನೆನೆಸಿಕೊಂಡೆ. ಅಷ್ಟೇ. ಬಗ್ಗಿ ಬೆತ್ತವನ್ನು ಕಲ್ಲಿನ ಮೇಲೆ ಇಟ್ಟೆ.

ಅದು ಕಲ್ಲಿನ ಮೇಲೆ ಒಂದು ಉರುಳು ಉರುಳುವುದರೊಳಗೆ ಕಿರಿಯ ಮಗ ಎತ್ತಿಕೊಂಡ.

ಗೊಂಚಲನ್ನು ತೆಗೆದುಕೊಂಡೆ. ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ದೀಪ ತುಂಬುವವಳ ಬಳಿಗೆ ನಡೆದು ಅವಳ ತಲೆಯ ಮೇಲೆ ಕೈಯಿಟ್ಟೆ. ಅವಳು ತಲೆ ಕೊಡವಿ, ಬೇಡ ಮಾವ, ಬೇಡ ಎಂದು ಮೆಲ್ಲಗೆ ಅಂದಳು. ನನಗೆ ಬೇರೆಯೇ ಭಯ ಹಿಡಿದಿತ್ತು. ಮೂವತ್ತೊಂದು ವರ್ಷ ಆ ಮಾತನ್ನು ನಾನು ಕೂಗಿದ್ದೆನೇ ಹೊರತು ಆಡಿರಲಿಲ್ಲ. ಆ ಕೂಗಿಗೆ ಜನ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನನ್ನ ಬಾಯಿಗೆ ಬೇರೆ ರೀತಿ ಗೊತ್ತಿರಲಿಲ್ಲ. ಈಗ ಬಾಯಿ ತೆರೆದರೆ ಅದೇ ಕೂಗು ಬಂದುಬಿಟ್ಟರೆ? ನನ್ನ ಕೈಯಡಿಯ ಆ ತಲೆ ಬೆಚ್ಚಿದರೆ?

ಮೂರನೆಯ ಸಲ ಗೊಂಚಲನ್ನು ಅಲ್ಲಾಡಿಸಿದೆ. ಸದ್ದು ಅಡಗುತ್ತ ಬಂತು.

"ಚಾರ್ಜು," ಎಂದೆ.

ಎಷ್ಟು ಸಣ್ಣ ದನಿಯಲ್ಲಿ ಅಂದೆನೆಂದರೆ ಊರಿಗೆ ಕೇಳಿಸಲಿಲ್ಲ. ಬೊಟ್ಟಿನ ಯಜಮಾನ ಅಂದನೋ ಇಲ್ಲವೋ ಎಂದು ಕೇಳಿದ. ಅಂದರು ಎಂದು ದೀಪ ತುಂಬುವವಳೇ ಹೇಳಬೇಕಾಯಿತು. ಹೇಳಿ ಅತ್ತಳು. ಅಷ್ಟು ಹೊತ್ತಿನಲ್ಲಿ ಅವಳು ಅತ್ತದ್ದು ಅದೇ ಮೊದಲು. ಸೆರಗಿನ ಕಾಳುಗಳು ಕಲ್ಲಿನ ಮೇಲೆ ಚೆಲ್ಲಿದವು. ಜನ ಚದುರಿದರು. ಕೀಲಿಯವಳು ಬರಿಗೈಯಲ್ಲಿ ಮನೆಯ ಕಡೆಗೆ ನಡೆದಳು.

ನಾನು ಬೆತ್ತವಿಲ್ಲದೆ ಮನೆಗೆ ಬಂದದ್ದನ್ನು ಹೆಂಡತಿ ನೋಡಿದಳು. ಸೊಂಟದ ಗೊಂಚಲನ್ನು ನೋಡಿದಳು. ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ಬೈಯುತ್ತಾಳೆ ಎಂದುಕೊಂಡಿದ್ದೆ. ಒಳಗೆ ಹೋಗಿ ಮಡಕೆಗಳನ್ನು ಎತ್ತಿ ಇಳಿಸುವ ಸದ್ದು ಮಾಡಿದಳು. ಏನು ಮಾಡ್ತಿದ್ದೀ ಎಂದು ಕೇಳಿದ್ದಕ್ಕೆ, ಬೆನ್ನಿಗೆ ಹಚ್ಚಲು ಅರಿಶಿನ ಎಷ್ಟಿದೆ ನೋಡುತ್ತಿದ್ದೇನೆ ಎಂದಳು.

ಸಂಜೆ ದೀಪ ತುಂಬುವವಳು ಮತ್ತೆ ಕೊಡ ಹೊರಬೇಕು, ಮೊದಲ ದಿನ ಹೊಣೆ ಹೊತ್ತವನು ಜೊತೆಗೆ ಹೋಗಬೇಕು. ನಾವಿಬ್ಬರೂ ಗೋಡೆಯ ಮೇಲೆ ನಡೆದೆವು. ಅವಳು ಮುಂದೆ, ನಾನು ಹಿಂದೆ. ನಮ್ಮ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಬಳ್ಳದ ಮನೆಯ ಕಿರಿಯ ಮಗ ಬರುತ್ತಿದ್ದ. ಬೆತ್ತವನ್ನು ಗೋಡೆಯ ಕಲ್ಲಿಗೆ ತಾಗಿಸಿಕೊಂಡು ಬರುತ್ತಿದ್ದ. ಟಕ್, ಟಕ್. ನಾನೂ ಹಾಗೇ ಮಾಡುತ್ತಿದ್ದೆ. ಆ ಸದ್ದು ಮುಂದೆ ನಡೆಯುವವರಿಗೆ ಹೇಗೆ ಕೇಳಿಸುತ್ತದೆ ಎಂದು ಅವತ್ತು ತಿಳಿಯಿತು.

ಅವಳು ಎಣ್ಣೆ ಸುರಿದು ಚಾರ್ಜು ಎಂದಳು, ದೀಪ ಉರಿಯಿತು. ಮುಂದಿನದಕ್ಕೆ ನಡೆದಳು. ಚಾರ್ಜು ಎಂದಳು, ಉರಿಯಿತು. ಪೂರ್ವದ ಗೋಡೆಗೆ ಬಂದೆವು. ಕಂಡಿಯಿದ್ದ ಕಡೆ ಗೋಡೆ ತಗ್ಗಾಗಿದೆ, ದಾರಿ ಅಲ್ಲಿ ನಾಲ್ಕು ಮೆಟ್ಟಿಲು ಇಳಿಯುತ್ತದೆ, ಹೊರಬದಿಯ ಮೋಟುಗೋಡೆಯಲ್ಲಿ ಆ ಕಂಡಿ ಮೊಣಕಾಲಿನ ಎತ್ತರಕ್ಕೆ ಬರುತ್ತದೆ. ಅವಳು ಅದನ್ನು ನೋಡದೆ ದಾಟಲು ಹೊರಟಳು. ನಾನೂ ನೋಡದೆ ದಾಟಲು ಹೊರಟೆ.

ಆಗ ಕೈ ಬಂತು.

ಬಡಕಲು ಕೈ, ಅದರ ಮೇಲೆ ಮಣ್ಣಿನ ಹಣತೆ. ಮಾತಿಲ್ಲ. ಸುಮ್ಮನೆ ಚಾಚಿಕೊಂಡು ನಿಂತಿತು.

ದೀಪ ತುಂಬುವವಳು ನಿಂತಳು. ಕೊಡ ಅವಳ ಸೊಂಟದ ಮೇಲಿತ್ತು. ಅದು ಬಗ್ಗಲಿಲ್ಲ. ಅವಳು ಕೈಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕೈಯನ್ನು ನೋಡಿದಳು. ಮೂವತ್ತು ಪೆಟ್ಟು ಮುಂದಿಟ್ಟಾಗಲೂ ಹಾಕುತ್ತೇನೆ ಎಂದಿದ್ದವಳು ಈಗ ಕಲ್ಲಾಗಿ ನಿಂತಿದ್ದಳು. ನನಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬೆತ್ತಕ್ಕೆ ಹೆದರದ ಕೈ ನನ್ನ ಬೆನ್ನನ್ನು ನೆನೆದು ಹೆದರಿತ್ತು. ನಾನು ಅವಳನ್ನು ಬಿಡಿಸಿದೆ ಎಂದುಕೊಂಡಿದ್ದೆ. ನಾನು ಮೂವತ್ತೊಂದು ವರ್ಷ ಕೂಗಿದ ಮಾತಿನಿಂದ ಆಗದಿದ್ದ ಕೆಲಸ, ಮೆಲ್ಲಗೆ ಆಡಿದ ಒಂದು ಮಾತಿನಿಂದ ಆಗಿಹೋಗಿತ್ತು. ಅವಳ ಕೈ ನಿಂತಿತ್ತು.

ಹಿಂದೆ ಟಕ್, ಟಕ್ ಎನ್ನುವುದೂ ನಿಂತಿತು. ಅವನು ನೋಡುತ್ತಿದ್ದ.

ನನಗೆ ಭಯವಾಯಿತು. ಆ ಕೈ ಹಿಂದಕ್ಕೆ ಹೋಗಲಿ ಎಂದು ಬೇಡಿಕೊಂಡೆ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಹೋಗುತ್ತಿತ್ತು ಕೂಡ. ಹಣತೆ ನಿಧಾನವಾಗಿ ಕೆಳಗಿಳಿಯುತ್ತಿತ್ತು. ನಾನು ಸುಮ್ಮನಿದ್ದರೆ ಊರು ನನ್ನನ್ನು ಹೊಗಳುತ್ತಿತ್ತು. ಪೆಟ್ಟಿಲ್ಲದೆ ತಿದ್ದಿದ ಎಂದು ನಾಲ್ಕು ಜನ ಹೇಳುತ್ತಿದ್ದರು. ನನ್ನ ಬೆನ್ನೂ ಉಳಿಯುತ್ತಿತ್ತು, ಅವಳ ಬೆನ್ನೂ ಉಳಿಯುತ್ತಿತ್ತು. ಹೊರಗೆ ಯಾರೋ ಒಬ್ಬರು ಕತ್ತಲಲ್ಲಿ ಬಾಯಾರಿ ಸಾಯುತ್ತಿದ್ದರು, ಅಷ್ಟೇ, ಮತ್ತು ನಮಗೆ ಅದು ಗೊತ್ತಾಗುತ್ತಿರಲಿಲ್ಲ.

"ಎಷ್ಟು ಜನ ಇದ್ದಾರೆ ನೋಡು," ಎಂದೆ.

ಅವಳು ಮೊಣಕಾಲೂರಿ ಕಂಡಿಗೆ ಕಣ್ಣಿಟ್ಟಳು. ತುಂಬ ಹೊತ್ತು ನೋಡಿದಳು.

"ಕಾಣ್ತಿಲ್ಲ ಮಾವ. ಆ ಕಡೆ ಪೂರ್ತಿ ಕತ್ತಲು."

"ಹಾಗಾದ್ರೆ ಈ ಹಣತೆಗೆ ಹಾಕಮ್ಮ," ಎಂದೆ. "ಅದು ಹತ್ತಲಿ. ಆ ಬೆಳಕಲ್ಲಿ ಎಣಿಸೋಣ."

ಅವಳು ಕೊಡ ಬಗ್ಗಿಸಿದಳು.